ಹಳಿ ಬದಲಿಸಿದ ಅತ್ತೆ

ವಿಜ್ಞಾನದ ಮೇಷ್ಟ್ರಿಗೆ ಎಲ್ಲವೂ ಗೊತ್ತಿರುತ್ತದೆಂದು ಊರು ನಂಬುತ್ತದೆ. ಆ ನಂಬಿಕೆಯನ್ನು ಕೆಡಿಸಲು ಮೇಷ್ಟ್ರಿಗೂ ಮನಸ್ಸು ಬರುವುದಿಲ್ಲ. ನನ್ನ ತೊಂದರೆ ಶುರುವಾದದ್ದು ಅಲ್ಲಿಂದಲೇ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಮಡಿಕೇರಿಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬರು ತಮ್ಮ ಆಟದ ರೈಲನ್ನು ಶಾಲೆಗೆ ಕೊಟ್ಟುಹೋದರು. ರೈಲೇ ಇಲ್ಲದ ನಾಡು ನಮ್ಮದು. ಶಾಲಾ ದಿನಾಚರಣೆಯಲ್ಲಿ ಅದನ್ನು ಓಡಿಸಲೇಬೇಕೆಂದು ಹೆಡ್ಮಾಸ್ಟರ್ ಪೂವಯ್ಯನವರು ಹಟ ಹಿಡಿದರು. ಹಳಿ ಎರಡಾಗಿ ಕವಲೊಡೆಯುವಲ್ಲಿ ರೈಲನ್ನು ಆಚೆಗೋ ಈಚೆಗೋ ತಿರುಗಿಸಲು ಪುಟ್ಟ ಮೋಟಾರೊಂದಿತ್ತು. ಅದರ ವೈರು ಪೂರಾ ಕಿತ್ತುಹೋಗಿತ್ತು.

"ವೈರಿಂಗ್ ನೀವೇ ಮಾಡ್ತೀರಲ್ಲ?" ಎಂದರು.

"ಅದೇನು ಮಹಾ ಸಾರ್" ಎಂದುಬಿಟ್ಟೆ.

ರೈಲನ್ನೇ ಕಾಣದ ನಮ್ಮತ್ತೆ ನಂಜಮ್ಮ, ಅಳಿಯ ರೈಲು ಬಿಡುತ್ತಾನೆಂದು ಕೇಳಿ ಶನಿವಾರಸಂತೆಯಿಂದ ಬಸ್ಸು ಹತ್ತಿ ಬಂದರು.

ಆ ಮೋಟಾರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಸಾಕು. ಕರೆಗಂಟೆಯ ಗುಂಡಿಯಂಥದ್ದನ್ನು ಒತ್ತಿ ಬಿಟ್ಟುಬಿಡಬೇಕು. ನಾನು ಹಾಕಿದ್ದು ಮನೆಯ ದೀಪದ ಸ್ವಿಚ್ಚು. ಸಮಾರಂಭದ ದಿನ ಬೆಳಿಗ್ಗೆ, ಹಳಿ ಹಾಸಿದ ಮೇಜಿನ ಕೆಳಗೆ ಮೋಟಾರು ಕೂರಿಸಿ, ಲಾರಿ ಬ್ಯಾಟರಿಗೆ ಜೋಡಿಸಿ ಸ್ವಿಚ್ ಹಾಕಿದೆ. ಟಕ್ಕೆಂದು ಹಳಿ ಸರಿಯಿತು! ಆ ಖುಷಿಯಲ್ಲಿ ಅತ್ತೆಗೆ ವಿದ್ಯುತ್ತಿನ ಮಹಿಮೆ ವಿವರಿಸುತ್ತ ನಿಂತೆ. ಸ್ವಿಚ್ ಆರಿಸುವುದು ಮರೆತೇಹೋಯಿತು. ಸ್ವಲ್ಪ ಹೊತ್ತಿಗೆ ಮೇಜಿನ ಕೆಳಗಿಂದ ಹೊಗೆ ಎದ್ದಿತು.

"ರೈಲು ಅಂದ್ಮೇಲೆ ಹೊಗೆ ಬರ್ದೆ ಇರ್ತದಾ?" ಎಂದು ಅತ್ತೆ ಮೆಚ್ಚಿಕೊಂಡರು.

ಮೋಟಾರಿನೊಳಗಿನ ತಂತಿಸುರುಳಿ ಕಪ್ಪಗೆ ಕರಕಲಾಗಿತ್ತು. ಅತಿಥಿಗಳು ಬರಲು ಒಂದು ಗಂಟೆಯೂ ಇರಲಿಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಅತ್ತೆ ಬಗ್ಗಿ, ಮೋಟಾರಿನಿಂದ ಹಳಿಗೆ ಹೋಗುವ ಕಡ್ಡಿಯನ್ನು ನೋಡಿದರು.

"ಈ ಕಡ್ಡಿನ ಆಚೆ ಈಚೆ ನೂಕಿದ್ರೆ ಆಯ್ತಲ್ವಾ? ನಾನು ಕೆಳಗೆ ಕೂರ್ತೀನಿ. ನೀವು ಮೇಲೆ ಟಕ್ ಅನ್ಸಿ."

"ಛೆ, ನಿಮ್ಮನ್ನ ಮೇಜಿನ ಕೆಳಗೆ ಕೂರಿಸೋದಾ ಅತ್ತೆ?"

"ನಾಟಿ ಮಾಡಿದ ಸೊಂಟ ಇದು. ಮೇಜಿನ ಮೇಲಿನ ಬಟ್ಟೆ ನೆಲದವರೆಗೆ ಇಳಿಬಿಡಿ."

ನಾನು ಇನ್ನೊಂದು ಮಾತಾಡದೆ ಬಟ್ಟೆ ಇಳಿಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರೈಲು ಓಡಿತು. ನಾನು ಸತ್ತ ಸ್ವಿಚ್ಚನ್ನು ಟಕ್ಕೆನಿಸಿದೆ, ಹಳಿ ಸರಿಯಿತು, ಸಭೆ ಚಪ್ಪಾಳೆ ತಟ್ಟಿತು. ಪೂವಯ್ಯನವರು ಹಿಗ್ಗಿ, "ಇದು ಹೇಗೆ ಕೆಲಸ ಮಾಡ್ತದೆ, ಮಕ್ಕಳಿಗೆ ಸ್ವಲ್ಪ ಹೇಳಿ ಮೇಷ್ಟ್ರೇ" ಎಂದರು. ನಾನು ಗಂಟಲು ಸರಿಮಾಡಿಕೊಂಡು ಕಾಂತಶಕ್ತಿಯ ಪಾಠ ಶುರು ಮಾಡಿದೆ. ಪಾಠ ಉದ್ದವಾಯಿತು. ರೈಲು ಸುತ್ತು ಮುಗಿಸಿ ಮತ್ತೆ ಕವಲಿನ ಹತ್ತಿರ ಬಂತು.

"ಈಗ ಯಾವ ಕಡೆಗೆ ಅಳಿಯಂದ್ರೇ?" ಎಂದು ಕೆಳಗಿಂದ ಗಟ್ಟಿಯಾಗಿ ಕೇಳಿಸಿತು.

ಪೂವಯ್ಯನವರು ಬಟ್ಟೆ ಎತ್ತಿದರು. ನನಗೆ ಕಣ್ಣೆತ್ತಿ ನೋಡುವ ಧೈರ್ಯವಾಗಲಿಲ್ಲ. ಅವರು ಮಾತ್ರ ಅತ್ತೆಯನ್ನು ಕೈಹಿಡಿದು ಎಬ್ಬಿಸಿ, ತಮ್ಮದೇ ಕುರ್ಚಿಯಲ್ಲಿ ಕೂರಿಸಿ, "ಅಮ್ಮಾ, ನೀವು ರೈಲು ನೋಡಿದ್ರಾ?" ಎಂದು ಕೇಳಿದರು.

"ಎಲ್ಲಿ ಸಾಮಿ? ಬರೀ ಸದ್ದು ಕೇಳಿದೆ."

ಆಮೇಲೆ ಅತ್ತೆಗಾಗಿಯೇ ರೈಲು ಹತ್ತು ಸುತ್ತು ಓಡಿತು. ಕಡ್ಡಿ ನೂಕಲು ಮೇಜಿನ ಕೆಳಗೆ ಯಾರಾದರೂ ಇರಬೇಕಿತ್ತಲ್ಲ. ಈ ಸಲ ಪೂವಯ್ಯನವರು ನನ್ನ ಕಡೆ ನೋಡಿದರು. ಪಂಚೆ ಮಡಿಸಿ ಕಟ್ಟಿಕೊಂಡು ಒಳಗೆ ನುಸುಳಿದೆ. ಅತ್ತೆ ಹೇಳಿದ್ದು ಸುಳ್ಳಲ್ಲ. ಅಲ್ಲಿಂದ ಬರೀ ಸದ್ದು ಕೇಳಿಸುತ್ತದೆ.