ದೋಷವಿಲ್ಲದ ದಿಂಬು

ಮನೆಯ ನೆಲದ ಕೆಲಸ ಮುಗಿಯುವವರೆಗೆ ಕಣ್ಣಿದ್ದೂ ಕುರುಡನಾಗಿ, ಕಿವಿಯಿದ್ದೂ ಕಿವುಡನಾಗಿ, ಮೂಗಿದ್ದೂ ಅದನ್ನು ಎಲ್ಲೂ ತೂರಿಸದವನಾಗಿ ಬಾಳುತ್ತೇನೆಂದು ಪತ್ತೇದಾರರು ಹೆಂಡತಿಯ ಎದುರು ಪ್ರತಿಜ್ಞೆ ಮಾಡಿದರು. ಅಂಥ ಪ್ರತಿಜ್ಞೆಯನ್ನು ಕೇಳಿ ಮೇಲಿನಿಂದ ಹೂಮಳೆಯೇ ಸುರಿಯಬೇಕಿತ್ತು! ಪ್ರತಿಜ್ಞೆ ಮಾಡುವಾಗ ಅವರ ಬಲಗೈ ಎದೆಯ ಮೇಲಿತ್ತು. ಎಡಗೈ ಮಾತ್ರ ಬಾಮೈದನ ಮನೆಯ ಬಾಗಿಲ ಚಿಲಕವನ್ನು ಮೆಲ್ಲಗೆ ಅಲ್ಲಾಡಿಸಿ, ಇದನ್ನು ಯಾರಾದರೂ ಹೊರಗಿನಿಂದ ಬಿಚ್ಚಿದ ಗುರುತುಂಟೇ ಎಂದು ನೋಡುತ್ತಿತ್ತು.

ಹೆಂಡತಿ ಅದನ್ನು ಕಂಡಳು. ಸಂಸಾರ ಮಾಡಿ ಮಾಡಿ, ಗಂಡನ ಎರಡೂ ಕೈಗಳ ಮೇಲೆ ಒಟ್ಟಿಗೆ ಕಣ್ಣಿಡುವುದನ್ನು ಆಕೆ ಕಲಿತುಬಿಟ್ಟಿದ್ದಳು.

"ನನ್ನ ತಮ್ಮನ ಬಾಳಲ್ಲಿ ಈಗೀಗ ಏನೋ ಒಂದು ಹದಕ್ಕೆ ಬರ್ತಾ ಇದೆ. ಹೆಪ್ಪು ಹಾಕಿದ ಹಾಲಿದ್ದ ಹಾಗೆ. ದಯವಿಟ್ಟು ಅಲ್ಲಾಡಿಸಬೇಡಿ," ಎಂದಳು.

"ಏನದು?"

"ಅದನ್ನೇ ಕೇಳಬೇಡಿ ಅಂದದ್ದು."

ಇಷ್ಟು ಹೇಳಿ ಆಕೆ ತನ್ನ ಪೆಟ್ಟಿಗೆ ಎತ್ತಿಕೊಂಡು ತಂಗಿಯ ಮನೆಗೆ ಹೊರಟುಹೋದಳು. ಇಲಿಯ ಎದುರು ರೊಟ್ಟಿಯಿಟ್ಟು, ಮುಟ್ಟಬೇಡ ಎಂದು ಹೇಳಿ ಹೋದಂತಾಯಿತು.

ಆದದ್ದು ಇಷ್ಟೇ. ಪತ್ತೇದಾರರ ಬಾಡಿಗೆ ಮನೆಯ ನೆಲ ಕುಸಿದಿತ್ತು. ಮೇಸ್ತ್ರಿ ಅದನ್ನೆಲ್ಲ ಅಗೆದು ಹಾಕಿದ್ದ. ತಂಗಿಯ ಮನೆಯಲ್ಲಿ ಒಬ್ಬರಿಗಷ್ಟೇ ಜಾಗ. ಗಂಡನನ್ನು ಎಲ್ಲಿಡುವುದು? ತಮ್ಮನ ಮನೆಯಲ್ಲಿ. ಅಲ್ಲಿಂದ ಪತ್ತೇದಾರರ ಆಫೀಸೂ ಹತ್ತಿರ. ಒಂದು ಮೇಜು, ಎರಡು ಕುರ್ಚಿ, ಒಂದು ಭೂತಗನ್ನಡಿ ಇದ್ದ ಆ ಆಫೀಸಿನಿಂದಲೇ ಅವರು ಊರಿನ ಕಳೆದುಹೋದ ಕೊಡೆಗಳನ್ನೂ ತಪ್ಪಿಸಿಕೊಂಡ ನಾಯಿಗಳನ್ನೂ ಕತ್ತಲಿನಿಂದ ಬೆಳಕಿಗೆ ತರುತ್ತಿದ್ದರು.

ಬಾಮೈದನನ್ನು ಬೀದಿಯವರೆಲ್ಲ ದಿಂಬಣ್ಣ ಎನ್ನುತ್ತಿದ್ದರು. ಬ್ರೆಡ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ವಾಸ. ಜನರ ಹಳೆಯ ದಿಂಬುಗಳನ್ನು ತಂದು, ಬಿಚ್ಚಿ, ಹತ್ತಿಯನ್ನು ಹಿಂಜಿ, ಬಿಸಿಲಿಗೆ ಹಾಕಿ, ಮತ್ತೆ ತುಂಬಿ ಹೊಲಿದು ಕೊಡುವುದು ಅವನ ಕಸುಬು. ತಲೆ ನರೆಯಲು ಶುರುವಾಗಿದ್ದರೂ ಅದು ನರೆಯೋ ಹತ್ತಿಯೋ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ನಾಚಿ ಒಳಗೆ ಹೋಗುತ್ತಿದ್ದ. ಹಾಗೆ ಹೋಗಿ ಹೋಗಿ ಮಾತೇ ಬರುವುದು ನಿಂತಿತ್ತು.

ಆ ಮನೆಯಲ್ಲಿ ಗಾಳಿಗೂ ಅವಸರವಿರಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದರೆ ಅದರೊಳಗೆ ಹತ್ತಿಯ ಎಳೆಗಳು, ತಮಗೆಲ್ಲಿ ಇಳಿಯಬೇಕೆಂದೇ ನೆನಪಿಲ್ಲದಂತೆ, ತೇಲುತ್ತಲೇ ಇರುತ್ತಿದ್ದವು. ಕೆಳಗಿನಿಂದ ಬ್ರೆಡ್ಡಿನ ಬೆಚ್ಚನೆಯ ವಾಸನೆ ಏರಿ ಬರುತ್ತಿತ್ತು. ಅಲ್ಲಿ ಎಚ್ಚರವಾಗಿರುವುದಕ್ಕೇ ಒಂದು ಪ್ರಯತ್ನ ಬೇಕು. ದಿಂಬಣ್ಣ ಆ ಪ್ರಯತ್ನವನ್ನು ಮಾಡುತ್ತಲೂ ಇರಲಿಲ್ಲ. ಏಕೆಂದರೆ ಹೊಲಿದು ಮುಗಿಸಿದ ಪ್ರತಿಯೊಂದು ದಿಂಬಿನ ಮೇಲೂ ಒಂದು ನಿದ್ದೆ ಮಾಡಿ ನೋಡದೆ ಅದನ್ನು ಅವನು ಹಿಂದಿರುಗಿಸುತ್ತಿರಲಿಲ್ಲ. ತೊಳೆದ ಬಟ್ಟೆ ಹಾಸಿ, ದೇವರನ್ನು ನೆನೆದು, ಮಲಗುವನು. ಎದ್ದು, ಎಡಗಡೆ ಸ್ವಲ್ಪ ಹೆಚ್ಚಾಯಿತೆಂದೋ ಕುತ್ತಿಗೆಗೆ ಆಸರೆ ಸಾಲದೆಂದೋ ತನಗೆ ತಾನೇ ಹೇಳಿಕೊಂಡು ಮತ್ತೆ ಹೊಲಿಗೆ ಬಿಚ್ಚುವನು. ಹಗಲಲ್ಲಿ ಗೊರಕೆ ಹೊಡೆಯುವುದನ್ನು ದುಡಿಮೆ ಎನ್ನಬಹುದೆಂದು ಪತ್ತೇದಾರರಿಗೆ ಆವರೆಗೆ ಗೊತ್ತಿರಲಿಲ್ಲ.

ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಪತ್ತೇದಾರರು ಹಾಸಿಗೆಯಿಂದ ಜಿಗಿದು ಏಳುವವರು. ದಿಂಬಣ್ಣ ನಿದ್ದೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರುವವನು. ಪತ್ತೇದಾರರು ಚಹಾ ಕುಡಿಯುತ್ತ ಪ್ರಶ್ನೆ ಕೇಳಿದರೆ ಅವನ ಉತ್ತರ ಬರುವ ಹೊತ್ತಿಗೆ ಲೋಟ ತೊಳೆದಾಗಿರುತ್ತಿತ್ತು. ಪತ್ತೇದಾರರ ಕರಿ ಕೋಟಿಗೆ ಹತ್ತಿ ಮೆತ್ತಿ ಮೆತ್ತಿ, ಕುರಿ ಹುಡುಕಿಸಲು ಆಫೀಸಿಗೆ ಬಂದ ಹೆಂಗಸೊಬ್ಬಳು ಅದನ್ನು ಉಣ್ಣೆಯೆಂದುಕೊಂಡು, "ಕುರಿ ಕಳೆದದ್ದು ನನ್ನದೊಂದೇ ಅಲ್ಲ ಅನ್ನಿಸುತ್ತೆ," ಎಂದು ಹೇಳಿ ಹೋದಳು.

ಇಷ್ಟನ್ನೂ ಅವರು ಸಹಿಸಿದರು. ಪ್ರತಿಜ್ಞೆ ದೊಡ್ಡದು! ಆದರೆ ನೀಲಿ ಪಟ್ಟೆಯ ದಿಂಬನ್ನು ಸಹಿಸಲಾಗಲಿಲ್ಲ.

ಆ ದಿಂಬು ಬೀದಿಯ ಕೊನೆಯ ಗ್ರಂಥಾಲಯವನ್ನು ನೋಡಿಕೊಳ್ಳುವಾಕೆಯದು. ಒಂಟಿ ಹೆಂಗಸು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಆಕೆ ಮೆಲ್ಲಗೆ ಮೆಟ್ಟಿಲು ಹತ್ತಿ ಬಂದು, ದಿಂಬನ್ನು ಮಗುವಿನಂತೆ ಎರಡೂ ಕೈಯಲ್ಲಿ ನೀಡಿ, ಇದರಲ್ಲಿ ಇನ್ನೂ ಒಂದು ಗಂಟಿದೆ, ನಿದ್ದೆ ಬರುತ್ತಿಲ್ಲ ಎನ್ನುವಳು. ದಿಂಬಣ್ಣ ಅದನ್ನು ಒತ್ತಿ ನೋಡಿ, ಹೌದು, ಇದೆ, ಎನ್ನುವನು. ಎರಡು ದಿನ ಬಿಟ್ಟು ತಾನೇ ತಲೆ ಬಾಚಿಕೊಂಡು ಅದನ್ನು ತಲುಪಿಸಿ ಬರುವನು. ಮತ್ತೆರಡು ದಿನಕ್ಕೆ ದಿಂಬು ವಾಪಸ್! ಪತ್ತೇದಾರರು ಬಂದ ಮೇಲೆಯೇ ಇದು ಹಲವು ಸಲ ನಡೆಯಿತು.

ಓದುವವರಿಗೆ ಇಷ್ಟು ಹೊತ್ತಿಗೆ ಅರ್ಥವಾಗಿರುತ್ತದೆ. ಬ್ರೆಡ್ ಅಂಗಡಿಯವಳಿಗೆ ಯಾವಾಗಲೋ ಅರ್ಥವಾಗಿತ್ತು. ನೀಲಿ ದಿಂಬು ಮೆಟ್ಟಿಲು ಹತ್ತುವಾಗ ಅವಳು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಪತ್ತೇದಾರರಿಗೆ ಮಾತ್ರ ಅರ್ಥವಾದದ್ದು, ಇದೊಂದು ಭಾರಿ ಜಾಲ ಎಂದು.

ಅವರು ತನಿಖೆ ಮಾಡಲಿಲ್ಲ. ಪ್ರತಿಜ್ಞೆಯಿತ್ತಲ್ಲ! ಸುಮ್ಮನೆ ಹರಟೆಯ ಧಾಟಿಯಲ್ಲಿ, ಆ ದಿಂಬಿನಲ್ಲಿ ಅಂಥದ್ದೇನಿದೆ ಎಂದು ಒಮ್ಮೆ ಕೇಳಿದರು.

ದಾರಕ್ಕೆ ಮೇಣ ಸವರುತ್ತಿದ್ದ ದಿಂಬಣ್ಣ ಅದನ್ನು ಮುಗಿಸಿ ಸೂಜಿಗೆ ಪೋಣಿಸಿದ. ಆಮೇಲೆ, "ಒಬ್ಬೊಬ್ಬರ ದಿಂಬಲ್ಲಿ ಒಂದೊಂದು ಕನಸು ಬರುತ್ತೆ ಭಾವ," ಎಂದ. "ದರ್ಜಿಯ ದಿಂಬಲ್ಲಿ ಬರೀ ಸೂಜಿ. ಬಸ್ ಡ್ರೈವರ್ ದಿಂಬಲ್ಲಿ ಊರು ಬರುತ್ತೆ, ಇಳಿಯೋಕಾಗಲ್ಲ. ಈ ದಿಂಬಲ್ಲಿ ಒಂದು ದೊಡ್ಡ ಕೋಣೆ. ಯಾರೂ ಮಾತಾಡ್ತಿರಲ್ಲ. ಆದರೂ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸುತ್ತೆ."

ದೊಡ್ಡ ಕೋಣೆ! ಮಾತಿಲ್ಲದ ಜನ! ಪತ್ತೇದಾರರ ಕಣ್ಣು ಮಿನುಗಿತು. ಇದು ಗುಪ್ತ ಭಾಷೆಯಲ್ಲದೆ ಇನ್ನೇನು? ಕೈಗೆ ಸಿಕ್ಕಿದ ಕಳ್ಳನನ್ನು ಪ್ರತಿಜ್ಞೆಯ ನೆಪದಲ್ಲಿ ಬಿಟ್ಟುಬಿಡುವುದು ಧರ್ಮವೇ ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಅಲ್ಲ ಎಂದು ತಾವೇ ಉತ್ತರ ಕೊಟ್ಟರು. ತೀರ್ಪು ಅವಿರೋಧವಾಗಿತ್ತು.

ಮರುದಿನ ಮಧ್ಯಾಹ್ನ ದಿಂಬಣ್ಣ ಹೊಸ ಹತ್ತಿ ತರಲು ಮಂಡಿಗೆ ಹೋದ. ನೀಲಿ ಪಟ್ಟೆಯ ದಿಂಬು ಕಿಟಕಿಯ ಪಕ್ಕದ ಮಂಚದ ಮೇಲೆ ಬಿಸಿಲು ಕಾಯಿಸುತ್ತ ಮಲಗಿತ್ತು. ಪತ್ತೇದಾರರು ಬಾಗಿಲಿಗೆ ಅಗುಳಿ ಹಾಕಿದರು. ಮೊದಲು ಮೂಸಿದರು, ತಟ್ಟಿದರು, ಬೆಳಕಿಗೆ ಹಿಡಿದರು. ಗಂಟು ಸಿಗಲಿಲ್ಲ. ಕೈಗೆ ಸಿಗದ್ದು ಕಿವಿಗೆ ಸಿಗಬಹುದೆಂದು ಒಂದು ಕಿವಿಯನ್ನು ದಿಂಬಿಗೆ ಆನಿಸಿದರು.

ಅಷ್ಟೇ. ಮಂಚ ಮೆಲ್ಲಗೆ ದೋಣಿಯಾಯಿತು. ಗೋಡೆಗಳು ನಾಲ್ಕೂ ದೂರ ಸರಿದು ಒಂದು ದೊಡ್ಡ ಕೋಣೆಯಾಯಿತು. ಅಲ್ಲಿ ಹಾಳೆ ತಿರುವುವ ಸದ್ದಿನಂತೆ ಗಾಳಿ ಬೀಸುತ್ತಿತ್ತು. ಯಾರೂ ಅವರನ್ನು ಏನೂ ಕೇಳಲಿಲ್ಲ. ಅವರಿಗೂ ಯಾರನ್ನೂ ಏನೂ ಕೇಳಬೇಕೆನಿಸಲಿಲ್ಲ. ಪಕ್ಕದಲ್ಲಿ ಯಾರೋ ಕೂತಿದ್ದರು. ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳುವ ಅಗತ್ಯವೂ ಇರಲಿಲ್ಲ. ಹುಟ್ಟಿದಾಗಿನಿಂದ ಒಂದು ನಿಮಿಷವೂ ಅನುಮಾನವಿಲ್ಲದೆ ಬದುಕದ ಮನುಷ್ಯ ಆ ಮಧ್ಯಾಹ್ನ ಎಲ್ಲವನ್ನೂ ನಂಬಿ ಮಲಗಿದರು.

ಎಚ್ಚರವಾದಾಗ ಬಿಸಿಲು ಮಂಚದಿಂದ ಗೋಡೆಗೆ ಏರಿತ್ತು. ಪತ್ತೇದಾರರು ಗಾಬರಿಯಿಂದ ಎದ್ದು ಕೂತರು. ಇಷ್ಟು ಒಳ್ಳೆಯ ನಿದ್ದೆ! ಹಾಗಾದರೆ ದಿಂಬಿನಲ್ಲಿ ದೋಷವೇ ಇಲ್ಲ. ದೋಷವಿಲ್ಲದ ದಿಂಬು ಪದೇ ಪದೇ ರಿಪೇರಿಗೆ ಬರುತ್ತದೆಂದರೆ? ಒಳಗೆ ಮಾಲಿದೆ!

ಕತ್ತರಿ ಹಾಕಿದರು. ಹತ್ತಿಯ ಹೊರತು ಒಳಗೆ ಏನೂ ಇರಲಿಲ್ಲ. ಸೋಲೊಪ್ಪುವ ಜನ್ಮವಲ್ಲ ಅದು. ಇದು ಹತ್ತಿಯಂತೆ ಕಾಣುವ ಬೇರೆ ಏನೋ ಆಗಿದ್ದರೆ? ಬೇರೆ ದಿಂಬಿನ ಹತ್ತಿಯ ಜೊತೆ ಹೋಲಿಸಿ ನೋಡಬೇಕು. ದರ್ಜಿಯ ದಿಂಬನ್ನು ಬಿಚ್ಚಿದರು. ಅದು ಕೊಂಚ ಹಳದಿ. ಬಸ್ ಡ್ರೈವರನದನ್ನು ಬಿಚ್ಚಿದರು. ಅದು ಒರಟು. ಮೂರಕ್ಕೆ ನಾಲ್ಕನೆಯದು ಸಾಕ್ಷಿಯಾಗಲೆಂದು ಶಾಲೆಯ ಹೆಡ್ಮಾಸ್ತರರದನ್ನು, ಅದು ಪಕ್ಷಪಾತವಾಗದಿರಲೆಂದು ಅವರ ಹೆಂಡತಿಯದನ್ನು. ಕೋಣೆಯಲ್ಲಿ ಗುಡ್ಡವೆದ್ದಿತು. ಯಾವುದು ಯಾರದೆಂಬುದು ಬ್ರಹ್ಮನಿಗೂ ತಿಳಿಯದ ಸ್ಥಿತಿ ಬಂತು. ಬೆವರಿದ ಪತ್ತೇದಾರರು ಗಾಳಿ ಬರಲೆಂದು ಕಿಟಕಿ ಪೂರ್ತಿ ತೆರೆದು, ಫ್ಯಾನಿನ ಗುಂಡಿ ಒತ್ತಿದರು.

ಮುಂದಿನದನ್ನು ಬೀದಿಯವರು ಇಂದಿಗೂ ಹೇಳುತ್ತಾರೆ. ಬ್ರೆಡ್ ಅಂಗಡಿಯ ಮೇಲಿಂದ ಮೋಡ ಹೊರಟಿತಂತೆ. ಸದ್ದಿಲ್ಲದೆ ಬೀದಿಯ ಮೇಲೆಲ್ಲ ಬಿಳಿ ಇಳಿಯಿತಂತೆ. ಸೈಕಲ್ಲಿನವನು ಕಾಲೂರಿ ನಿಂತ. ಬೈದಾಡುತ್ತಿದ್ದ ಇಬ್ಬರು ಅಕ್ಕಪಕ್ಕದವರು ಮಾತು ಮರೆತು ಮೇಲೆ ನೋಡಿದರು. ಆ ಬಿಳಿಯ ನಡುವೆ ಗ್ರಂಥಾಲಯದಾಕೆ, ಅಂಗೈಯ ಮೇಲೆ ಬಿದ್ದ ಒಂದು ಎಳೆಯನ್ನು ನೋಡುತ್ತ, ಅದು ಕರೆದಲ್ಲಿಗೆ ಬಂದಂತೆ ನಡೆದು ಬಂದಳು. ಎದುರಿನಿಂದ ಹತ್ತಿಯ ಮೂಟೆ ಹೊತ್ತು ದಿಂಬಣ್ಣನೂ ಬಂದ. ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದರು.

ಬಾಗಿಲು ತೆರೆದ ಪತ್ತೇದಾರರ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲವೂ ಬೆಳ್ಳಗಾಗಿದ್ದವು. ಅವರ ಕೈಯಲ್ಲಿ ಖಾಲಿಯಾದ ನೀಲಿ ಪಟ್ಟೆಯ ಚೀಲ ನೇತಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಯಲ್ಲಿ ಕಾಲಿಗೆ ಬೀಳುತ್ತಿದ್ದರು. ಪತ್ತೇದಾರರು ಗಂಟಲು ಸರಿಮಾಡಿಕೊಂಡರು.

"ನಿಮ್ಮ ದಿಂಬಲ್ಲಿ ಗಂಟಿರಲಿಲ್ಲ," ಎಂದರು ಆಕೆಗೆ. "ನಾನು ಮಲಗಿ ನೋಡಿದ್ದೀನಿ, ಬಿಚ್ಚಿಯೂ ನೋಡಿದ್ದೀನಿ. ಅಂದ ಮೇಲೆ ನೀವು ಹೇಳ್ತಾ ಬಂದದ್ದು ಸುಳ್ಳು." ಬಾಮೈದನ ಕಡೆ ತಿರುಗಿದರು. "ಇಲ್ಲದ ಗಂಟನ್ನ ನೀನು ಹೇಗಪ್ಪ ಸರಿಮಾಡ್ತಿದ್ದೆ? ಅದೂ ಸುಳ್ಳು. ಇಬ್ಬರೂ ಸೇರಿ ಇಷ್ಟು ದಿನ ಯಾಕೆ ಸುಳ್ಳು ಹೇಳಿದಿರಿ? ನನಗೆ ಅದು ತಿಳೀಬೇಕು."

ಗ್ರಂಥಾಲಯದಾಕೆಯ ಮುಖ ಕಿವಿಯವರೆಗೆ ಕೆಂಪಾಗಿ, ಆಮೇಲೆ ಬಣ್ಣವೆಲ್ಲ ಇಳಿದುಹೋಯಿತು. ಆ ಮನೆಗೆ ಬರಲು ಆಕೆಗಿದ್ದ ನೆಪ ಅದೊಂದೇ. ಅದು ಈಗ ಖಾಲಿ ಚೀಲವಾಗಿ ಯಾರದೋ ಕೈಯಲ್ಲಿ ನೇತಾಡುತ್ತಿತ್ತು. ತೊಂದರೆ ಕೊಟ್ಟೆ, ಕ್ಷಮಿಸಿ ಎಂದು ನೆಲಕ್ಕೆ ಹೇಳಿ, ಆಕೆ ತಿರುಗಿ ಒಂದು ಮೆಟ್ಟಿಲು ಇಳಿದೇಬಿಟ್ಟಳು. ಇನ್ನೊಂದು ಇಳಿದಿದ್ದರೆ ಮುಂದೆಂದೂ ಹತ್ತುತ್ತಿರಲಿಲ್ಲ.

ಯಾವ ಪ್ರಶ್ನೆಗೂ ಒಂದು ಲೋಟ ಚಹಾ ಮುಗಿಯುವ ಮೊದಲು ಉತ್ತರಿಸದ ದಿಂಬಣ್ಣ, ಯಾರೂ ಕೇಳದೆಯೇ ಬಾಯಿಬಿಟ್ಟ.

"ನನಗೆ ಗೊತ್ತಿತ್ತು."

ಆಕೆ ನಿಂತಳು. "ಏನು?"

"ಗಂಟಿಲ್ಲ ಅಂತ. ಮೊದಲನೇ ಸಲಾನೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ದಿಂಬಣ್ಣ ಹೆಗಲ ಮೂಟೆಯನ್ನು ಕೆಳಗಿಟ್ಟ. "ಹೇಳಿದ್ದಿದ್ರೆ ನೀವು ತರೋದು ನಿಲ್ಲಿಸಿಬಿಡ್ತಿದ್ರಿ."

"ನೋಡಿದಿರಾ, ಒಪ್ಕೊಂಡ," ಎಂದರು ಪತ್ತೇದಾರರು. "ಆದರೆ ಕಾರಣ ಇನ್ನೂ ಹೊರಗೆ ಬಂದಿಲ್ಲ."

ಅವರ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆಕೆ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದಳು. ದಿಂಬಿಲ್ಲದೆ ಬರಿಗೈಯಲ್ಲಿ ಬಂದರೆ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದ ಅವನು. ಗ್ರಂಥಾಲಯದ ಬಾಗಿಲು ಸಂಜೆಗೆ ಮತ್ತೆ ತೆಗೆಯುವ ಹೊತ್ತಾಯಿತೆಂದಳು. ನಾನೂ ಬರುತ್ತೇನೆ ಎಂದ. ತಲೆ ಬಾಚಿಕೊಳ್ಳುವುದನ್ನೂ ಮರೆತು ಹೊರಟ. ಹತ್ತಿ ಹಾಸಿದ ಬೀದಿಯಲ್ಲಿ ಇಬ್ಬರೂ ಹೋಗುವುದನ್ನು ಪತ್ತೇದಾರರು ಕಿಟಕಿಯಿಂದ ನೋಡಿದರು. ಹೆಜ್ಜೆಯ ಸದ್ದೇ ಇರಲಿಲ್ಲ. ಒಂದು ಎಳೆ ಹಾರಿ ಬಂದು ಅವರ ಮೂಗಿನ ಮೇಲೆ ಕೂತಿತು.

ಸಂಜೆ ಹೆಂಡತಿ ಬಂದಳು. ಬ್ರೆಡ್ ಅಂಗಡಿಯವಳು ಫೋನ್ ಮಾಡಿ ಎಲ್ಲವನ್ನೂ ಒದರಿದ್ದಳು. ಗಂಡ ಗುಡ್ಡದ ನಡುವೆ ಕೂತು, ಹಳದಿ ಹತ್ತಿಯನ್ನೂ ಬಿಳಿ ಹತ್ತಿಯನ್ನೂ ಭೂತಗನ್ನಡಿ ಹಿಡಿದು ಬೇರೆ ಮಾಡುತ್ತಿದ್ದರು. ಆಕೆ ಬಾಗಿಲಲ್ಲೇ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ತಮ್ಮ ಒಬ್ಬಂಟಿಯಾಗಿ ಮುದುಕನಾಗುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. ಕಣ್ಣೊರೆಸಿಕೊಂಡದ್ದರಲ್ಲಿ ಸ್ವಲ್ಪ ಅದೂ ಇತ್ತು.

"ನಗಬೇಡ," ಎಂದರು ಪತ್ತೇದಾರರು. "ಅರ್ಧ ಪತ್ತೆ ಮಾಡಿದ್ದೀನಿ. ಒಂದು ಹೆಂಗಸು, ಏನೂ ಕೆಡದೆ ಇದ್ದರೂ ಕೆಟ್ಟಿದೆ ಅಂತ ಯಾಕೆ ಪದೇ ಪದೇ ಒಬ್ಬ ಗಂಡಸಿನ ಹತ್ರ ಬರಬೇಕು? ಅದೊಂದು ಬಿಡಿಸೋಕಾಗ್ತಾ ಇಲ್ಲ."

ಹೆಂಡತಿ ಅವರನ್ನೇ ನೋಡಿದಳು. ಬಹಳ ಹೊತ್ತು, ಬಹಳ ಪ್ರೀತಿಯಿಂದ ನೋಡಿದಳು.

"ನಾನು ನಿಮ್ಮ ಆಫೀಸಿಗೆ ಮೊದಲನೇ ಸಲ ಯಾಕೆ ಬಂದಿದ್ದೆ, ನೆನಪಿದೆಯಾ?"

ಇಲ್ಲದೆ ಏನು! ಬೆಕ್ಕು ಕಳೆದಿತ್ತು. ಬಿಳಿ ಬೆಕ್ಕು, ಬಾಲದ ತುದಿ ಕಪ್ಪು. ಮದುವೆಗೆ ಮುಂಚಿನ ಮಾತು. ಆಕೆ ಅದರ ಸುದ್ದಿ ಕೇಳಲು ಎಷ್ಟು ಸಲ ಆಫೀಸಿನ ಮೆಟ್ಟಿಲು ಹತ್ತಿದ್ದಳು! ಕೊನೆಗೆ ಪತ್ತೇದಾರರು ಬಿಡದೆ ಹುಡುಕಿ, ಕೈಯೆಲ್ಲ ಪರಚಿಸಿಕೊಂಡು, ಬುಟ್ಟಿಯಲ್ಲಿ ತಂದು ಅವಳ ತಂದೆಯ ಎದುರೇ ಒಪ್ಪಿಸಿದ್ದರು.

"ನಮ್ಮ ಮನೇಲಿ ಬೆಕ್ಕೇ ಇರಲಿಲ್ಲ ರೀ."

ಭೂತಗನ್ನಡಿ ಹತ್ತಿಯೊಳಗೆ ಬಿದ್ದು ಸದ್ದಿಲ್ಲದೆ ಮುಳುಗಿತು.

"ಹಾಗಾದ್ರೆ ನಾನು ತಂದುಕೊಟ್ಟದ್ದು ಯಾರ ಬೆಕ್ಕು?"

"ಯಾರಿಗೆ ಗೊತ್ತು?" ಎಂದಳು ಹೆಂಡತಿ, ಅವರ ಮೀಸೆಯಿಂದ ಹತ್ತಿಯನ್ನು ಒಂದೊಂದೇ ಎಳೆಯಾಗಿ ತೆಗೆಯುತ್ತ. "ನೀವು ಅಷ್ಟು ಹೆಮ್ಮೆಯಿಂದ ತಂದು ನಿಂತಿದ್ರಿ, ಬೇಡ ಅನ್ನೋಕೆ ಬಾಯಿ ಬರಲಿಲ್ಲ. ಬೆಕ್ಕನ್ನೂ ಸಾಕ್ಕೊಂಡೆ, ನಿಮ್ಮನ್ನೂ."