ಕ್ಯಾನುಲಾ ಬಾಗಿದ್ದು ಹೇಗೆ

ನೆಲದ ಮೇಲೆ ನಿಂತು, ಮರದ ಮೇಲಿರುವವನಿಗೆ ಹಾಗೆ ಕಡಿ, ಹೀಗೆ ಕಡಿ ಎಂದು ಕೂಗುವ ಮೇಸ್ತ್ರಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮರ ಹತ್ತಿದವನು. ದೋಣಿಗಲ್ ಸುತ್ತಿನ ಎಸ್ಟೇಟುಗಳಲ್ಲಿ ಮರಗಸಿ, ಅಂದರೆ ಕಾಫಿ ಗಿಡಕ್ಕೆ ಬೆಳಕು ಬೀಳುವ ಹಾಗೆ ಸಿಲ್ವರ್ ಓಕಿನಂಥ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಮಾಡಿ ಮಾಡಿಯೇ ಮೇಸ್ತ್ರಿಯಾದವನು.

ಸಕ್ಕರೆ ಕಾಯಿಲೆ ಹದಿನೆಂಟನೇ ವಯಸ್ಸಿಗೇ ಅಂಟಿಕೊಂಡಿತು. ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುತ್ತಿದ್ದವನಿಗೆ, ಎರಡು ಸಾವಿರದ ಆರೋ ಏಳೋ ಇರಬೇಕು, ಧಣಿಯವರು ಹಾಸನದ ಡಾಕ್ಟರ ಹತ್ತಿರ ಮಾತಾಡಿ ಇನ್ಸುಲಿನ್ ಪಂಪ್ ಕೊಡಿಸಿದರು. ಸೊಂಟದಲ್ಲಿ ಪುಟ್ಟ ಯಂತ್ರ, ಅದಕ್ಕೊಂದು ಸಣ್ಣ ಪೈಪು, ಪೈಪಿನ ತುದಿಯಲ್ಲಿ ಹೊಟ್ಟೆಯ ಚರ್ಮದೊಳಗೆ ಕೂರುವ ಎಳೆ ಹುಲ್ಲಿನಷ್ಟು ಮೆತ್ತಗಿನ ಕ್ಯಾನುಲಾ. ಮೂರು ದಿನಕ್ಕೊಮ್ಮೆ ಅದನ್ನು ಬದಲಿಸಬೇಕು. ಡಾಕ್ಟರು ಹಾಕಿದ್ದು ಒಂದೇ ಷರತ್ತು: ಮರ ಹತ್ತಬಾರದು. ಮೇಲೆ ಸಕ್ಕರೆ ಇಳಿದು ತಲೆ ತಿರುಗಿದರೆ ಹಿಂದೆಯೇ ನಾನೂ ಇಳಿಯುತ್ತೇನೆ. ಹೆಂಡತಿ ಗಿರಿಜೆಯ ಎದುರಿಗೇ ಒಪ್ಪಿಕೊಂಡು ಬಂದೆ.

ಮೊದಲ ಮಳೆ ಬಿದ್ದು ಮರಗಸಿ ಶುರುವಾದ ವಾರವೇ ತೊಂದರೆಯೂ ಶುರುವಾಯಿತು. ಬಾಯಿ ಒಣಗಿ ವಾಂತಿ ಬಂದ ಹಾಗಾಗಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮುನ್ನೂರ ಎಂಬತ್ತು. ಆಸ್ಪತ್ರೆಯ ಸಿಸ್ಟರಿಗೆ ಫೋನು ಮಾಡಿದೆ. ಪೈಪಿನಲ್ಲಿ ಗುಳ್ಳೆ ಇದೆಯೇ? ಇಲ್ಲ. ಇನ್ಸುಲಿನ್ ಬಿಸಿಲಿಗೆ ಇಟ್ಟಿದ್ದಿರಾ? ಇಲ್ಲ. "ಹಂಗಾದ್ರೆ ಮೊದ್ಲು ಸಿರಿಂಜಲ್ಲಿ ತಗೊಳ್ಳಿ. ಆಮೇಲೆ ಕ್ಯಾನುಲಾ ಕಿತ್ತು ನೋಡಿ" ಅಂದಳು. ಕಿತ್ತರೆ, ಮೀನಿನ ಗಾಳದ ಹಾಗೆ ಬಾಗಿತ್ತು. ಹೊಸದು ಹಾಕಿಕೊಂಡೆ. ಮಾರನೆಯ ದಿನ ಅದೂ ಬಾಗಿತು. ವಾರದಲ್ಲಿ ಮೂರು ಬಾಗಿದ ಮೇಲೆ, ಪಟ್ಟಣದ ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ ಮಾಲು ದುಡಿಯುವವನ ಹೊಟ್ಟೆಗೆ ತಡೆಯುವುದಿಲ್ಲವೆಂದು ಆ ಸಿಸ್ಟರಿಗೆ ಒಂದು ಭಾಷಣವನ್ನೇ ಮಾಡಿದೆ.

"ಅಲ್ಲಾ ಅಣ್ಣಾ, ಈಗ ಏನ್ ಕೆಲ್ಸ ಮಾಡ್ತಿದೀರಾ?"

"ಕೆಳಗ್ ನಿಂತು ನೋಡ್ಕೊಳೋದು ಕಣಮ್ಮಾ, ಅಷ್ಟೇ."

ಗಿರಿಜೆ ಅಷ್ಟು ಹೊತ್ತಿಗೆ ಕ್ಯಾನುಲಾದ ಜೊತೆ ನಾನು ಕಿತ್ತೆಸೆದ ಅಂಟುಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು. "ರೀ, ಇದೇನಿದು ಹಸ್ರುಗೆ?"

"ಬೆವರು."

"ಬೆವ್ರು ಹಸ್ರುಗಿರ್ತೈತಾ? ಪಾಚಿ ಕಣ್ರೀ ಇದು! ನಿಮ್ ಹೊಟ್ಟೆ ಏನ್ ಸಿಲ್ವರ್ ಮರಾನಾ?"

ಸಿಲ್ವರ್ ಮರವನ್ನು ತಬ್ಬಿಕೊಳ್ಳದೆ ಹತ್ತುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ರಂಗಪ್ಪ ಎಂಬ ಆಳು ಒಂದು ಕೊಂಬೆಯನ್ನು ಅರ್ಧ ಕಡಿದು ಬಿಟ್ಟಿದ್ದ. ಅದೊಂದನ್ನು ಮುಗಿಸಿ ಇಳಿಯೋಣವೆಂದು ಹತ್ತಿದವನು ಆಮೇಲೆ ದಿನಾ ಹತ್ತುತ್ತಿದ್ದೆ. ನನಗೂ ಮರಕ್ಕೂ ನಡುವೆ ಸಿಕ್ಕಿ ನಜ್ಜುಗುಜ್ಜಾದದ್ದು ಕ್ಯಾನುಲಾ.

ಗಿರಿಜೆ ಕೂಗಾಡಲಿಲ್ಲ. "ಬಾಗಿದ್ದಕ್ಕೆ ಕಂಪ್ನಿಯವ್ರನ್ನ ಬೈದ್ರಿ. ಬಿದ್ದು ಹೋಗ್ಬುಟ್ಟಿದ್ರೆ ನಾನ್ ಯಾರುನ್ ಬೈಲಿ?" ಎಂದಳು. ಮೊಳೆಯಲ್ಲಿದ್ದ ನನ್ನ ಮರ ಹತ್ತುವ ಹಗ್ಗ ಆ ಸಂಜೆ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗವಾಯಿತು.

ಮಾರನೆಯ ದಿನದಿಂದ ಕೆಳಗೇ ನಿಂತೆ. ರಂಗಪ್ಪ ಮೇಲಿಂದ "ಯಾಕ್ ಮೇಸ್ತ್ರಿ, ಕಾಲ್ ನೋವಾ?" ಎಂದು ಕೆಣಕಿದ. "ಹೂಂ ಕಣೋ, ಮುಚ್ಕೊಂಡ್ ಕಡಿ" ಎಂದೆ. ಮೂರನೆಯ ದಿನ ಕ್ಯಾನುಲಾ ಕಿತ್ತರೆ ನೆಟ್ಟಗಿತ್ತು. ಸಕ್ಕರೆ ನೂರ ನಲವತ್ತು. ಖುಷಿಪಡುವುದು ಬಿಟ್ಟು, ಮೀಟರು ಕೆಟ್ಟಿರಬಹುದೆಂದು ಎರಡು ಸಲ ತಟ್ಟಿ ನೋಡಿದೆ. ಅದೂ ಸರಿಯಾಗಿಯೇ ಇತ್ತು. ಬೈಯುವುದಕ್ಕೆ ಇನ್ನು ನಾನೊಬ್ಬನೇ ಉಳಿದಿದ್ದೆ.