ಹೊಕ್ಕುಳ ಮೇಲಿನ ಆನೆ

ಯಲಬುರ್ಗಾದ ಅರಿವೆ ವ್ಯಾಪಾರಿ ಅಂದಪ್ಪನವರು ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಎರಡನೇ ಸಲದ ಚಹಾ ಕುಡಿಯುತ್ತ, ತಾವು ಇನ್ನು ಮುಂದೆ ಹಳೆಯ ನಾಣ್ಯಗಳ ಸಂಗ್ರಾಹಕರೆಂದು ಘೋಷಿಸಿಬಿಟ್ಟರು. ಈ ಐತಿಹಾಸಿಕ ಘೋಷಣೆಯನ್ನು ಕೇಳಲು ಅಲ್ಲಿದ್ದವರು ಅವರ ಹೆಂಡತಿ ವಿರೂಪಾಕ್ಷಮ್ಮ ಒಬ್ಬರೇ. ಅವರೂ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಇನ್ನ ಮ್ಯಾಲೆ ನಾ ಬರೇ ಅರಿವಿ ಅಂದಪ್ಪ ಅಲ್ಲ. ತಾಲೂಕಿನ್ಯಾಗ ಹಳೇ ನಾಣ್ಯ ಅಂದ್ರ ಅಂದಪ್ಪ ಅನ್ನಬೇಕು, ಹಂಗ ಮಾಡತೀನಿ ನೋಡು," ಎಂದರು ಅಂದಪ್ಪನವರು.

"ರೊಕ್ಕ ಕೂಡಿಸೋದು ನಿಮಗ ಹೊಸಾದೇನ್ರಿ? ಇಪ್ಪತ್ತು ವರ್ಷದಿಂದ ಅದನ್ನ ಮಾಡಾಕತ್ತೀರಿ."

"ಅದು ಬ್ಯಾರೆ. ಇದು ಖರ್ಚು ಮಾಡಾಕ ಬರದ ರೊಕ್ಕ."

"ಅದೂ ಹೊಸಾದಲ್ಲ ಬಿಡ್ರಿ. ನಿಮ್ಮ ಕೈಗೆ ಬಂದ ರೊಕ್ಕ ಯಾವುದು ಖರ್ಚಾಗೇತಿ?" ಎಂದು ವಿರೂಪಾಕ್ಷಮ್ಮ ಮೊರವನ್ನೊಮ್ಮೆ ಜೋರಾಗಿ ಕೇರಿದರು. ಹೊಟ್ಟೆಲ್ಲ ಹಾರಿ ಸಂಗ್ರಾಹಕರ ಚಹಾದೊಳಗೆ ಬಿತ್ತು.

ಅಂದಪ್ಪನವರಿಗೆ ಈ ಹುಚ್ಚು ಹತ್ತಿಸಿದ್ದು ಕೊಪ್ಪಳದ ವಕೀಲ ಹಂಪಣ್ಣನವರ ಪಡಸಾಲೆ. ನಿಜಾಮರ ರಾಜ್ಯದಲ್ಲಿ ಕಚೇರಿಗಳಿಗೆ ಶುಕ್ರವಾರ ಸೂಟಿ. ಪ್ರತಿ ತಿಂಗಳ ಮೊದಲ ಶುಕ್ರವಾರ ವಕೀಲರ ಪಡಸಾಲೆಯಲ್ಲಿ ಜಮಖಾನ ಹಾಸಿ, ನಾಣ್ಯಪ್ರೇಮಿಗಳು ಸೇರುತ್ತಿದ್ದರು. ಪ್ರೇಮಿಗಳೆಂದರೆ ಬಹಳ ಮಂದಿಯೇನಿಲ್ಲ. ವಕೀಲರು, ಕೋರ್ಟಿನ ಕಾಗದಪತ್ರ ನೋಡುವ ಪೇಷ್ಕಾರಕಿಯಿಂದ ನಿವೃತ್ತರಾದ ಶಾಮೀದಸಾಬರು, ಸಾಲಿ ಮಾಸ್ತರ ಓಬಳೆಪ್ಪನವರು, ಇಷ್ಟೇ. ಆದರೆ ಆ ಜಮಖಾನದ ಮೇಲೆ ಕುಳಿತು ಮೂವರೂ ಮಾತಾಡುವುದನ್ನು ಕೇಳಿದರೆ, ವಿಜಯನಗರ ಇನ್ನೂ ಬಿದ್ದೇ ಇಲ್ಲವೇನೋ ಅನ್ನಿಸುತ್ತಿತ್ತು.

ಹಿಂದಿನ ತಿಂಗಳು ವಕೀಲರಿಗೆ ಧೋತರದ ಜೋಡಿ ಮುಟ್ಟಿಸಲು ಹೋದ ಅಂದಪ್ಪನವರು ಮೆಟ್ಟಿಲ ಕೆಳಗೆ ಒಂದು ತಾಸು ನಿಂತಿದ್ದರು. ಯಾರೂ ಕೂಡ್ರಿ ಎನ್ನಲಿಲ್ಲ. ಸೊಕ್ಕಿನಿಂದಲ್ಲ, ಅವರು ನಿಂತಿರುವುದೇ ಯಾರ ಗಮನಕ್ಕೂ ಬಂದಿರಲಿಲ್ಲ. ಮೂವರೂ ತಂತಮ್ಮ ಮೊದಲ ಖರೀದಿಯ ನೆನಪಿನಲ್ಲಿ ಮುಳುಗಿದ್ದರು. ಶಾಮೀದಸಾಬರು ಹನ್ನೊಂದನೆಯ ವಯಸ್ಸಿನಲ್ಲಿ ಹಬ್ಬದ ರೊಕ್ಕ ಪೂರಾ ಕೊಟ್ಟು ಒಂದು ಬಿಲ್ಲೆ ಕೊಂಡಿದ್ದರು. ಓಬಳೆಪ್ಪ ಮಾಸ್ತರರು ಒಂಬತ್ತನೆಯ ವಯಸ್ಸಿನಲ್ಲಿ ಬರೆಯುವ ಹೊಸ ಪಾಟಿಯನ್ನೇ ಕುರುಬನೊಬ್ಬನಿಗೆ ಕೊಟ್ಟು ತಾಮ್ರದ ನಾಣ್ಯ ಪಡೆದಿದ್ದರು. ವಕೀಲರದು ಎಲ್ಲರಿಗಿಂತ ಮೇಲು. ಏಳನೆಯ ವಯಸ್ಸಿಗೆ ಅಂಗಿಯ ಬೆಳ್ಳಿ ಗುಂಡಿ ಕಿತ್ತುಕೊಟ್ಟು ಕೊಂಡವರು ಅವರು, ಆ ಏಳನ್ನು ಹದಿನೈದು ವರ್ಷಗಳಿಂದ ತಿಂಗಳಿಗೊಮ್ಮೆ ತಪ್ಪದೆ ನೆನಪಿಸುತ್ತ ಬಂದಿದ್ದರು.

ಆ ಪಡಸಾಲೆ ಏರಬೇಕಾದರೆ ವಕೀಲರದೊಂದು ಕಾನೂನಿತ್ತು. ಅಪ್ಪ ಬಿಟ್ಟುಹೋದ ನಾಣ್ಯ ನಡೆಯದು, ಹೊಲದಲ್ಲಿ ಸಿಕ್ಕಿದ್ದು ನಡೆಯದು, ಪುಕ್ಕಟೆ ಬಂದದ್ದು ನಡೆಯದು. ಕೊಂಡಿರಬೇಕು. ಕೊಂಡ ನಾಣ್ಯವನ್ನು ತಂದು ತೋರಿಸಿ, ಕೊಂಡ ಕತೆಯನ್ನು ಹೇಳಬೇಕು. ಹಾಗೆ ಹೇಳಿದವನಿಗೆ ಜಮಖಾನದ ಮೇಲೆ ಕಾಯಂ ಜಾಗ. ಅಂದಪ್ಪನವರಿಗೆ ನಿಜವಾಗಿ ಬೇಕಾಗಿದ್ದದ್ದು ಆ ಜಾಗ. ಆವತ್ತು ಮೆಟ್ಟಿಲ ಕೆಳಗೆ ನಿಂತ ಕಾಲು ಅವರಿಗೆ ಊರಿಗೆ ಬಂದ ಮೇಲೂ ನೋಯುತ್ತಿತ್ತು.

ಶನಿವಾರ ಅವರ ಅದೃಷ್ಟ ಬೇವಿನ ಗಿಡದ ಕೆಳಗೆ ತಿದಿ ಒತ್ತುತ್ತ ಕುಳಿತಿತ್ತು. ಕಲಾಯಿ ಬಾಬಾಸಾಬ ಓಣಿಯ ಕೊಡ ತಪೇಲಿಗಳಿಗೆ ಕಲಾಯಿ ಹಾಕುತ್ತಿದ್ದ. ಅವನ ಪಕ್ಕದ ಮುರುಕು ತಾಮ್ರದ ಗುಡ್ಡೆಯಲ್ಲಿ ಒಂದು ದಪ್ಪನೆಯ ಬಿಲ್ಲೆ ಅಂದಪ್ಪನವರ ಕಣ್ಣಿಗೆ ಬಿತ್ತು. ಒಂದು ಮಗ್ಗುಲಿಗೆ ಆನೆ, ಇನ್ನೊಂದು ಮಗ್ಗುಲಿಗೆ ಅರ್ಧ ಸವೆದ ಅಕ್ಷರ. ಅವರು ಅದನ್ನು ಕೈಗೆತ್ತಿಕೊಂಡು ತಿರುತಿರುಗಿಸಿ ನೋಡಿದರು.

"ಬಾಬಾಸಾಬ, ಇದು ಎಷ್ಟಕ್ಕ?"

"ಸುಮ್ನ ಒಯ್ರಿ ಸಾವಕಾರ್ರ. ಅದನ್ನೇನು ಕೇಳತೀರಿ."

"ಪುಕ್ಕಟೆ ಬ್ಯಾಡ. ಕಿಮ್ಮತ್ತು ಹೇಳು."

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅಂದಪ್ಪನವರ ಬಾಯಿಂದ ಇಂಥ ಮಾತು ಬಂದದ್ದನ್ನು ಯಲಬುರ್ಗಾದಲ್ಲಿ ಯಾರೂ ಕೇಳಿರಲಿಲ್ಲ. ಬಾಬಾಸಾಬ ತಿದಿ ಒತ್ತುವುದನ್ನು ನಿಲ್ಲಿಸಿದ.

"ಹಂಗಾದ್ರ ಒಂದಾಣೆ ಕೊಡ್ರಿ."

ಅಂದಪ್ಪನವರು ಕಣ್ಣು ಮುಚ್ಚಿ ಪಡಸಾಲೆಯನ್ನು ನೆನೆದರು. 'ಒಂದಾಣೆಗೆ ಕೊಂಡೆ' ಎಂದರೆ ಅದರಲ್ಲಿ ಕತೆ ಎಲ್ಲಿದೆ? ಹಬ್ಬದ ರೊಕ್ಕ ಪೂರಾ ಕೊಟ್ಟವರ ಮುಂದೆ ಒಂದಾಣೆಯ ಮಾತು ಆಡಲಾದೀತೇ?

"ಒಂದಾಣೆ ಭಾಳ ಕಡಿಮಿ ಆತು. ಸರಿಯಾಗಿ ಹೇಳು," ಎಂದರು.

ಬಾಬಾಸಾಬ ಬಿಲ್ಲೆಯನ್ನು ಅವರ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡ. ತಿಕ್ಕಿ ನೋಡಿದ. ಕಚ್ಚಿ ನೋಡಿದ.

"ಸಾವಕಾರ್ರ, ಇದು ಬಂಗಾರ ಐತೇನ್ರಿ?"

"ತಾಮ್ರ ಮಾರಾಯ."

"ಖರೇ ಹೇಳ್ರಿ."

"ನಮ್ಮಪ್ಪನ ಆಣಿ, ತಾಮ್ರ."

"ನೀವು ಅಪ್ಪನ ಆಣಿ ಮಾಡಾಕತ್ತೀರಿ ಅಂದ್ರ ಇದರಾಗ ಏನರ ಐತಿ. ಹತ್ತು ರೂಪಾಯಿಕಿಂತ ಒಂದು ಪೈ ಕಡಿಮಿ ಆದ್ರೂ ನಾ ಕೊಡಂಗಿಲ್ಲ."

ಆಮೇಲೆ ನಡೆದ ಚೌಕಾಸಿಗೆ ಅರ್ಧ ಓಣಿ ಕೆಲಸ ಬಿಟ್ಟು ನಿಂತಿತು. ಪುಕ್ಕಟೆ ಸಿಗುತ್ತಿದ್ದ ಬಿಲ್ಲೆಯನ್ನು ಅಂದಪ್ಪನವರು ಒಂದು ತಾಸು ಗುದ್ದಾಡಿ, ನಿಜಾಮರ ಮೂರು ಸಿಕ್ಕಾ ರೂಪಾಯಿಗೂ ಒಂದು ರುಮಾಲಿನ ಅರಿವೆಗೂ ಇಳಿಸಿದರು. ಗೆದ್ದ ಉತ್ಸಾಹದಲ್ಲಿ ಮನೆಗೆ ಬಂದರು. ಮನೆಯ ಹೊಸ್ತಿಲು ದಾಟುತ್ತಲೇ ಉತ್ಸಾಹ ಸ್ವಲ್ಪ ತಣ್ಣಗಾಯಿತು. "ಇದಕ್ಕ ಎಷ್ಟು ಕೊಟ್ಟೀರಿ?" ಎಂದು ವಿರೂಪಾಕ್ಷಮ್ಮ ಕೇಳಿದಾಗ, "ಒಂದಾಣೆ," ಎಂದುಬಿಟ್ಟರು. ಆ ಒಂದು ಸುಳ್ಳೇ ಮುಂದಿನ ಅನಾಹುತಕ್ಕೆಲ್ಲ ಮೂಲ.

ಬಿಲ್ಲೆಯನ್ನು ಹತ್ತಿಯ ಮೇಲೆ ಮಲಗಿಸಿ ಗೋಡೆಯ ಗೂಡಿನಲ್ಲಿಟ್ಟು, ಸೋಮವಾರ ನಸುಕಿನಲ್ಲೇ ಅವರು ಅರಿವೆ ತರಲು ಗದಗಿಗೆ ಹೋದರು. ಬುಧವಾರ ತಿರುಗಿ ಬಂದು, ಕಾಲು ತೊಳೆಯುವುದಕ್ಕೂ ಮೊದಲು ಗೂಡಿಗೆ ಕೈ ಹಾಕಿದರು. ಹತ್ತಿ ಇತ್ತು. ಆನೆ ಇರಲಿಲ್ಲ.

"ಇಲ್ಲಿದ್ದ ನಾಣ್ಯ ಎಲ್ಲೈತಿ?"

"ಅದಾ? ಕಳಕಮ್ಮತ್ತಿ ಮೊಮ್ಮಗನ ಹೊಕ್ಕಳದ ಮ್ಯಾಲೈತಿ," ಎಂದರು ವಿರೂಪಾಕ್ಷಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಅಂದಪ್ಪನವರು ಹತ್ತಿಯನ್ನು ಹಿಡಿದುಕೊಂಡೇ ಕಂಬಕ್ಕೆ ಒರಗಿ ಕುಳಿತುಬಿಟ್ಟರು.

"ಕೂಸು ಅತ್ತೂ ಅತ್ತೂ ಹೊಕ್ಕಳ ಉಬ್ಬಿ ಲಿಂಬಿಕಾಯಿ ಆಗಿತ್ತು. ಹಳೇ ತಾಮ್ರದ ದುಡ್ಡು ಇಟ್ಟು ಕಟ್ಟಿದ್ರ ಒಳಗ ಹೋಗತೈತಿ. ಈಗಿನ ದುಡ್ಡು ನಡಿಯಂಗಿಲ್ಲ, ಹಳೇದ ಆಗಬೇಕು. ಓಣಿಯಾಗ ಯಾರ ಮನ್ಯಾಗೂ ಇರಲಿಲ್ಲ. ಒಂದಾಣೆ ಬಿಲ್ಲಿಗೆ ಯಾಕಿಷ್ಟು ಮಾರಿ ಸಣ್ಣದು ಮಾಡತೀರಿ?"

ಮೂರು ರೂಪಾಯಿ ಎಂದು ಹೇಳಲು ಬಾಯಿ ತೆರೆದು, ಹಾಗೆಯೇ ಮುಚ್ಚಿ, ಅಂದಪ್ಪನವರು ಹಿಂದಿನ ಓಣಿಗೆ ಓಡಿದರು. ಮುದುಕಿ ಕಳಕಮ್ಮ ಕಾಲು ಚಾಚಿ, ಕಾಲ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಕುಳಿತಿದ್ದಳು. ಮೊಮ್ಮಗನ ಹೆಸರು ಕೊಟ್ರಬಸಪ್ಪ. ಹೆಸರಿಗಿಂತ ಕೂಸು ಬಹಳ ಸಣ್ಣದಿತ್ತು. ಹೊಟ್ಟೆಯ ಸುತ್ತ ಎಣ್ಣೆ ಹಚ್ಚಿದ ಅರಿವೆಯ ಪಟ್ಟಿ ಬಿಗಿದಿತ್ತು.

"ಅತ್ತಿ, ಆ ದುಡ್ಡು ಒಂದು ದಿನದ ಮಟ್ಟಿಗೆ ಬಿಚ್ಚಿ ಕೊಡು. ಶುಕ್ರವಾರ ಕೊಪ್ಪಳಕ್ಕ ಒಯ್ದು ತೋರಿಸಿ, ಸಂಜಿಕ ತಂದು ಕಟ್ಟತೀನಿ."

"ಬಿಚ್ಚೋದಾ? ಮೂರು ಸೋಮವಾರ ಆಗೋತನಕ ಬಿಚ್ಚಂಗಿಲ್ಲ ತಮ್ಮಾ. ಮೊನ್ನೆ ಒಂದು ಆಗೇತಿ. ನಡುವ ಬಿಚ್ಚಿ, ಹೊಕ್ಕಳ ಮತ್ತ ಹೊರಗ ಬಂದ್ರ ನೀ ಹೊಣಿ ಆಗತೀಯೇನು?"

ಹೊಕ್ಕುಳಿಗೆ ಹೊಣೆಯಾಗುವಷ್ಟು ಧೈರ್ಯ ಅಂದಪ್ಪನವರಿಗಿರಲಿಲ್ಲ. ಆದರೆ ಈ ಶುಕ್ರವಾರ ಬರುತ್ತೇನೆಂದು ಅವರು ವಕೀಲರಿಗೆ ಕಾಗದವನ್ನೂ ಬರೆದಾಗಿತ್ತು. ಕಾಗದದಲ್ಲಿ 'ಅಪರೂಪದ ವಸ್ತು' ಎಂಬ ಮಾತಿತ್ತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತವರಿಗೆ ಒಂದು ದಾರಿ ಹೊಳೆಯಿತು. ನಾಣ್ಯ ಕೂಸನ್ನು ಬಿಟ್ಟು ಬರುವುದಿಲ್ಲವೆಂದರೆ, ಕೂಸೇ ನಾಣ್ಯದ ಜೊತೆ ಬರಲಿ.

ಕಳಕಮ್ಮನ ತಂಗಿ ಕೊಪ್ಪಳದಲ್ಲಿದ್ದಳು. ಹಾಗಾಗಿ ಮುದುಕಿ ಒಪ್ಪಿದಳು, ಎರಡು ಷರತ್ತಿನ ಮೇಲೆ. ಮೋಟಾರಿನ ಖರ್ಚು ಅಂದಪ್ಪನದು. ತನಗೆ ಮೋಟಾರಿನಲ್ಲಿ ತಲೆ ತಿರುಗುವುದರಿಂದ ಕೂಸನ್ನು ಎತ್ತಿಕೊಳ್ಳುವವನೂ ಅಂದಪ್ಪನೇ.

ಶುಕ್ರವಾರ ಅಂದಪ್ಪನವರು ಜರಿಯಂಚಿನ ಹೊಸ ಧೋತರ ಉಟ್ಟು ಮೋಟಾರು ಹತ್ತಿದರು. ಕೊಟ್ರಬಸಪ್ಪ ಕುಕನೂರಿಗೆ ಮುಂಚೆ ಅದನ್ನು ಒಮ್ಮೆ ತೋಯಿಸಿದ. ಕುಕನೂರು ದಾಟಿದ ಮೇಲೆ ಇನ್ನೊಮ್ಮೆ ತೋಯಿಸಿದ. ನಡುವೆ ಒಣಗಿದ ಜಾಗಕ್ಕೆ ರಸ್ತೆಯ ಕೆಂಪು ಧೂಳು ಹತ್ತಿತು. ಕೊಪ್ಪಳದಲ್ಲಿ ಇಳಿದಾಗ ಅಂದಪ್ಪನವರನ್ನು ನೋಡಿದವರು ಯಾರೂ ಅರಿವೆ ವ್ಯಾಪಾರಿ ಎಂದು ನಂಬುವ ಹಾಗಿರಲಿಲ್ಲ.

ಪಡಸಾಲೆಯಲ್ಲಿ ಮೂವರೂ ನಾಣ್ಯಪ್ರೇಮಿಗಳು ಕಾದು ಕುಳಿತಿದ್ದರು.

"ಬರ್ರಿ ಅಂದಪ್ಪ. ಅಪರೂಪದ ವಸ್ತು ತಂದೀರೇನು?" ಎಂದರು ವಕೀಲ ಹಂಪಣ್ಣನವರು.

"ತಂದೀನ್ರಿ."

"ಎಲ್ಲಿ?"

ಅಂದಪ್ಪನವರು ಕೂಸನ್ನು ಮುಂದೆ ಚಾಚಿದರು. ಶಾಮೀದಸಾಬರು ಕೂಸನ್ನೊಮ್ಮೆ, ಅಂದಪ್ಪನವರನ್ನೊಮ್ಮೆ ನೋಡಿ, "ಎಷ್ಟು ಹಳೇದು?" ಎಂದು ಮೆಲ್ಲಗೆ ಕೇಳಿದರು.

ಸಂಗತಿಯನ್ನು ಬಿಡಿಸಿ ಹೇಳುವುದರೊಳಗೆ ಅಂದಪ್ಪನವರಿಗೆ ಬೆವರಿಳಿಯಿತು. ಕಳಕಮ್ಮ ಯಾರ ಅಪ್ಪಣೆಗೂ ಕಾಯದೆ ಮೆಟ್ಟಿಲೇರಿ, ಅಂದಪ್ಪನವರನ್ನೂ ಜಮಖಾನದ ನಟ್ಟನಡುವೆ ಕೂಡ್ರಿಸಿ, ಮೊಮ್ಮಗನನ್ನು ಅವರ ತೊಡೆಯ ಮೇಲೆ ಮಲಗಿಸಿದಳು. "ಪಟ್ಟಿ ಸರಸತೀನಿ. ನೋಡ್ರಿ. ದುಡ್ಡು ಮಾತ್ರ ಎತ್ತಂಗಿಲ್ಲ," ಎಂದು ತಾಕೀತು ಮಾಡಿ, ಅರಿವೆಯನ್ನು ಎರಡು ಬೆರಳಷ್ಟು ಸರಿಸಿದಳು.

ವಕೀಲರು ಮಂಡಿಯೂರಿ, ಭೂತಗನ್ನಡಿ ಹಿಡಿದು ಹೊಟ್ಟೆಯ ಮೇಲೆ ಬಗ್ಗಿದರು. ಕೂಸು ಉಸಿರೆಳೆದಂತೆ ಆನೆ ಏರಿತು, ಉಸಿರು ಬಿಟ್ಟಂತೆ ಇಳಿಯಿತು.

"ಆನಿ ನಡಿಯಾಕತ್ತೈತಿ ನೋಡ್ರಿ," ಎಂದರು ಶಾಮೀದಸಾಬರು.

ವಕೀಲರು ನಗಲಿಲ್ಲ. ಕೊಟ್ರಬಸಪ್ಪ ಅವರ ಮೀಸೆ ಹಿಡಿದು ಜಗ್ಗಿದ್ದು ಕೂಡ ಅವರಿಗೆ ಗೊತ್ತಾಗಲಿಲ್ಲ. "ಖರೇ ಐತಿ. ಭಾಳ ಛಲೋ ಐತಿ. ಈ ಆನಿ ನನ್ನ ಹತ್ತರ ಇಲ್ಲ," ಎಂದರು ಕೊನೆಗೆ. ಅಂದಪ್ಪನವರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

"ಹೇಳ್ರಿ ಹಂಗಾದ್ರ. ಇದನ್ನ ಕೊಂಡ ಕತಿ ಹೇಳ್ರಿ," ಎಂದು ವಕೀಲರು ಎದ್ದು ಕುಳಿತರು.

ಅಂದಪ್ಪನವರು ಗಂಟಲು ಸರಿಮಾಡಿಕೊಂಡು, ಬೇವಿನ ಗಿಡದಿಂದ ಶುರು ಮಾಡುವುದೋ ತಮ್ಮ ಬಾಲ್ಯದಿಂದಲೋ ಎಂದು ಯೋಚಿಸುತ್ತಿರುವಾಗಲೇ ಕಳಕಮ್ಮ ಬಾಯಿ ಹಾಕಿದಳು.

"ಅವನೇನು ಹೇಳತಾನ? ಅವನು ಊರಾಗ ಎಲ್ಲಿದ್ದ? ಕೊಂಡಾವ ನಮ್ಮ ಕೊಟ್ರಬಸಪ್ಪ."

"ಏನಂದಿ?" ಎಂದರು ವಕೀಲರು.

"ಹೂನ್ರಿ. ಹೊಕ್ಕಳಕ್ಕ ಕಟ್ಟೋ ದುಡ್ಡು ಪುಕ್ಕಟೆ ತಗೊಂಡ್ರ ಗುಣ ಕೊಡಂಗಿಲ್ಲ. ಕೂಸು ತನ್ನ ಕೈಲೆ ಕೊಂಡಿರಬೇಕು. ಅದಕ್ಕ ಕೂಸಿನ ಮುಷ್ಟಿಯೊಳಗ ಬೆಲ್ಲದ ಹರಳು ಇಟ್ಟು, ಇವನ ಹೇಣ್ತಿ ವಿರೂಪಾಕ್ಷಿ ಕೈಯಾಗ ಕೊಡಿಸಿದ್ನಿ. 'ಬೆಲ್ಲ ತಗೊಂಡೆ, ದುಡ್ಡು ಕೊಟ್ಟೆ' ಅಂತ ಆಕಿ ಮೂರು ಸಲ ಅಂದಾಳ."

"ಮೂರು ಸಲ ಅಂದಾಳೇನು?"

"ಮೂರು ಸಲ. ಓಣಿ ಹೆಣಮಕ್ಕಳು ಅಷ್ಟೂ ಮಂದಿ ಕೇಳ್ಯಾರ."

ಪೇಷ್ಕಾರಕಿಯಲ್ಲಿ ಮೂವತ್ತು ವರ್ಷ ಸವೆಸಿದ ಶಾಮೀದಸಾಬರು ತಲೆದೂಗಿದರು. "ಸಾಕ್ಷಿ ಐತಿ, ಮಾಲು ಐತಿ, ಕಿಮ್ಮತ್ತು ಮುಟ್ಟೇತಿ. ಖರೀದಿ ಪಕ್ಕಾ."

"ಅದು ನಂದ್ರಿ! ಮೂರು ರೂಪಾಯಿ ಕೊಟ್ಟೀನಿ, ಮ್ಯಾಲೆ ರುಮಾಲು!" ಎಂದು ಅಂದಪ್ಪನವರು ಕೂಗಿಕೊಂಡರು.

"ಒಂದಾಣೆ ಅಂತ ವಿರೂಪಾಕ್ಷಿಗೆ ಹೇಳಿದ್ದಿ?" ಎಂದು ಕಳಕಮ್ಮ ಕಣ್ಣು ಸಣ್ಣದು ಮಾಡಿದಳು. ಆ ಕಣ್ಣು ನೋಡಿ ಅಂದಪ್ಪನವರಿಗೆ ಕೊಪ್ಪಳದ ಚಿಂತೆ ಹೋಗಿ ಯಲಬುರ್ಗಾದ ಚಿಂತೆ ಹತ್ತಿತು.

ವಕೀಲರು ತೀರ್ಪು ಕೊಟ್ಟರು. "ಅಂದಪ್ಪ, ನೀವು ಕೊಂಡದ್ದು ಖರೇ. ಆದ್ರ ನಿಮ್ಮ ಮನ್ಯಾಗಿನವರು ಮಾರಿದ್ದೂ ಖರೇ. ಕೊಂಡು ಮಾರಿದವ ವ್ಯಾಪಾರಿ ಆಗತಾನ, ಸಂಗ್ರಾಹಕ ಆಗಂಗಿಲ್ಲ. ನಮ್ಮ ಕಾನೂನು ಹಂಗೈತಿ. ಈ ಮಂಡಳಿಗೆ ಸೇರಬೇಕಾದಾವ ಈ ಕೂಸು." ನಗುವನ್ನು ಅವರು ಮೀಸೆಯೊಳಗೆ ತಡೆದುಕೊಂಡಿದ್ದರು.

"ಕೂಸಿಗೆ ಎಷ್ಟು ವಯಸ್ಸವ್ವಾ?" ಎಂದು ಓಬಳೆಪ್ಪ ಮಾಸ್ತರರು ಅವಸರದಿಂದ ಕೇಳಿದರು.

"ಬರೋ ಹುಣ್ಣಿವಿಗೆ ಮೂರು ತಿಂಗಳು ತುಂಬತಾವ."

"ವಕೀಲ್ರ, ನಿಮ್ಮ ಏಳು ವರ್ಷ ಹೋತು," ಎಂದರು ಮಾಸ್ತರರು. ಹದಿನೈದು ವರ್ಷಗಳಲ್ಲಿ ಅವರು ಅಷ್ಟು ಸಂತೋಷದಿಂದ ಮಾತಾಡಿದ್ದನ್ನು ಆ ಪಡಸಾಲೆ ಕಂಡಿರಲಿಲ್ಲ. ವಕೀಲರ ಮೀಸೆಯೊಳಗಿನ ನಗು ಅಲ್ಲೇ ಆರಿಹೋಯಿತು.

ಚಹಾ ಬಂತು. ಅವಲಕ್ಕಿ ಬಂತು. ಕೊಟ್ರಬಸಪ್ಪ ಅಂದಪ್ಪನವರ ತೊಡೆಯ ಮೇಲೆಯೇ ನಿದ್ದೆ ಹೋದ. ಅವನನ್ನು ಎಬ್ಬಿಸಬಾರದೆಂದು ಯಾರೂ ಅಂದಪ್ಪನವರಿಗೆ ಏಳಿ ಎನ್ನಲಿಲ್ಲ. ಅವರು ಜಮಖಾನದ ಮೇಲೆ ಎರಡು ತಾಸು ಕುಳಿತು, ಮೂವರ ಮಾತನ್ನೂ ಕೇಳಿ, ಒಂದೆರಡು ಸಲ "ಹೌದ್ರಿ" ಎಂದೂ ಅಂದರು. ಅವರಿಗೆ ಬಹಳ ಸುಖವಾಯಿತು. ಆ ಸುಖವನ್ನು ಮುಚ್ಚಿಟ್ಟುಕೊಳ್ಳಲೂ ಅವರಿಗೆ ಬರಲಿಲ್ಲ.

ಸಂಜೆ ಯಲಬುರ್ಗಾದಲ್ಲಿ ಮೋಟಾರು ಇಳಿದ ಕಳಕಮ್ಮ ಕೂಸನ್ನು ಅಂದಪ್ಪನವರ ಕೈಯಲ್ಲೇ ಬಿಟ್ಟು ಮುಂದೆ ಮುಂದೆ ನಡೆದಳು. ಹೀಗಾಗಿ ಮೂರು ರೂಪಾಯಿಯ ಸುದ್ದಿ ಅಂದಪ್ಪನವರಿಗಿಂತ ಮೊದಲೇ ಮನೆಗೆ ಹೋಗಿತ್ತು. ಅದರ ವಿಚಾರಣೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಕೊನೆಗೆ, ಗಂಡನ ಮುಖ ನೋಡಿ ಮನಸ್ಸು ಕರಗಿದ ವಿರೂಪಾಕ್ಷಮ್ಮ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಕೇಳಿದರು.

"ಇರಲಿ ಬಿಡ್ರಿ. ಮಂಡಳಿಗೆ ನಿಮ್ಮನ್ನೂ ಸೇರಿಸಿಕೊಂಡ್ರೋ ಇಲ್ಲೋ?"

"ಪ್ರತಿ ತಿಂಗಳು ತಪ್ಪದ ಬರ್ರಿ ಅಂದಾರ."

"ಮತ್ತ ಜಮಖಾನದ ಮ್ಯಾಲೆ?"

"ಜಮಖಾನದ ಮ್ಯಾಲೆ ಜಾಗ ಕೊಟ್ಟಾರ."

"ಕಾಯಮ್ಮೇನ್ರಿ?"

ಅಂದಪ್ಪನವರು ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದರು.

"ಕೂಸಿಗೆ ನಡಿಯಾಕ ಬರೋತನಕ."